ಆಡದ ಪಂದ್ಯಗಳ ಲೆಕ್ಕ

ಉಗಾರ ಖುರ್ದ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಸಕ್ಕರೆ. ೧೯೩೯ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರಖಾನೆ ಕೃಷ್ಣಾ ದಂಡೆಯ ಆ ಊರಿನ ಹೆಸರನ್ನು ದೂರದೂರಕ್ಕೆ ಒಯ್ದಿದೆ. ಹಂಗಾಮಿನ ದಿನಗಳಲ್ಲಿ ಮಿರಜದಿಂದ ಬೆಳಗಾವಿಯ ಕಡೆಗೆ ಹೊರಟ ರೈಲಿನಲ್ಲಿ ಕುಳಿತವರಿಗೆ ಸ್ಟೇಷನ್ನಿನ ಹಲಗೆಯನ್ನು ಓದಬೇಕಾದ ಅಗತ್ಯವಿಲ್ಲ. ಕಾಕಂಬಿಯ ವಾಸನೆಯೇ ಊರು ಬಂತೆಂದು ಹೇಳುತ್ತದೆ. ಅಲ್ಲಿಂದ ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳವರೆಗಿನ ಸೀಮೆಯಲ್ಲಿ ಕಬ್ಬಿನಷ್ಟೇ ಹುಲುಸಾಗಿ ಬೆಳೆಯುವ ಇನ್ನೊಂದು ಬೆಳೆಯುಂಟು. ಅದು ಕುಸ್ತಿ, ಕಬಡ್ಡಿ, ವಾಲಿಬಾಲ್‌ಗಳ ಹುಚ್ಚು.

ಆ ಸೀಮೆಯ ಒಂದು ಊರಿನಲ್ಲಿ ಒಮ್ಮೆ ಕಾಲೇಜು ಹುಡುಗರ ಕಬಡ್ಡಿ ನೋಡುತ್ತ ನಿಂತಿದ್ದೆ. ಪ್ರತಿಯೊಂದು ತಂಡವೂ ಉಳಿದೆಲ್ಲ ತಂಡಗಳೊಡನೆ ಆಡಬೇಕೆಂದು ಏರ್ಪಾಡಾಗಿತ್ತು. ಅರ್ಧ ಪಂದ್ಯಗಳು ಮುಗಿಯುವ ಹೊತ್ತಿಗೆ ಅಡ್ಡಮಳೆ ಸುರಿದು ಅಂಕಣವೆಲ್ಲ ಕೆಸರಾಯಿತು. ಮರುದಿನ ಆಡಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಮುಂದಿನ ಸುತ್ತಿಗೆ ಹೋಗಲು ಇದ್ದದ್ದು ಒಂದೇ ಸ್ಥಾನ, ಅದಕ್ಕೆ ಹಕ್ಕುದಾರರು ಇಬ್ಬರು. ಇಬ್ಬರೂ ಒಂದು ಗೆದ್ದು ಒಂದು ಸೋತವರು. ಹಿರಿಯರು ಕೂಡಿ ಚೀಟಿ ಎತ್ತಿಸಿದರು. ಚೀಟಿಯಲ್ಲಿ ಸೋತ ತಂಡದ ಹುಡುಗನೊಬ್ಬ, ಮೈಗೆ ಮೆತ್ತಿದ ಕೆಸರನ್ನೂ ಒರೆಸಿಕೊಳ್ಳದೆ, ನನ್ನ ಹತ್ತಿರ ಬಂದು ಕೇಳಿದ:

"ಸರ, ನಾವೂ ಒಂದು ಸೋತೀವ್ರಿ, ಅವರೂ ಒಂದು ಸೋತಾರ. ಆದ್ರ ನಾವು ಯಾರ ಕೈಯಾಗ ಸೋತೀವಿ, ಅವರು ಯಾರ ಕೈಯಾಗ ಸೋತಾರ, ಅದನ್ನ ಯಾರೂ ನೋಡಂಗಿಲ್ಲೇನ್ರಿ?"

ಪ್ರಶ್ನೆ ಚಿಕ್ಕದಾಗಿತ್ತು. ಆದರೆ ಇದೇ ಪ್ರಶ್ನೆಗೆ ಉತ್ತರ ಹುಡುಕುತ್ತ ಅಮೆರಿಕೆಯ ಕಾಲೇಜುಗಳು ಸುಮಾರು ನೂರು ವರ್ಷ ತಲೆ ಕೆಡಿಸಿಕೊಂಡಿವೆ. ಗಣಿತಜ್ಞರನ್ನು ಕರೆತಂದಿವೆ, ಗಣಕಯಂತ್ರಗಳನ್ನು ಕೂರಿಸಿವೆ, ಮತ್ತೆ ಎಬ್ಬಿಸಿ ಕಳಿಸಿವೆ. ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಆ ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ.

ಮೊದಲು ನಮ್ಮ ಮನೆಯ ಮಾತು. ಜಾತ್ರೆಯ ಕುಸ್ತಿಗಳಲ್ಲಿ ಜೋಡಿ ಹಚ್ಚುವುದನ್ನು ನೀವು ನೋಡಿರಬಹುದು. ಗರಡಿಯ ವಸ್ತಾದರು ಇಬ್ಬರು ಪೈಲವಾನರನ್ನು ಮೇಲಿಂದ ಕೆಳಗೆ ನೋಡಿ, ಯಾರ ಜೊತೆ ಯಾರ ಕುಸ್ತಿ ಸರಿಯಾದೀತು ಎಂದು ಹೇಳುತ್ತಾರೆ. ಅವರ ತಲೆಯಲ್ಲಿ ಒಂದು ಪಟ್ಟಿ ಇರುತ್ತದೆ: ಇವನು ಕಳೆದ ವರ್ಷ ಯಾರನ್ನು ಚಿತ್ ಮಾಡಿದ, ಆ ಸೋತವನು ಎಷ್ಟು ಗಟ್ಟಿಯವನು, ಎಷ್ಟು ನಿಮಿಷ ಹಿಡಿಯಿತು. ಬರೆದಿಟ್ಟ ಅಂಕಗಳಿಲ್ಲದಿದ್ದರೂ ಅದು ಒಂದು ಬಗೆಯ ಶ್ರೇಯಾಂಕವೇ. ವಸ್ತಾದರಿಗೆ ಗೊತ್ತಿರುವ ಗರಡಿಗಳು ಹತ್ತಾರು ಇದ್ದಾಗ ಅದು ಚೆನ್ನಾಗಿಯೇ ನಡೆಯುತ್ತದೆ. ಗರಡಿಗಳು ನೂರಾದಾಗ, ಅವುಗಳಲ್ಲಿ ತೊಂಬತ್ತನ್ನು ವಸ್ತಾದರು ಕಣ್ಣಿನಿಂದ ನೋಡಿಯೇ ಇಲ್ಲದಿದ್ದಾಗ, ತೊಡಕು ಆರಂಭವಾಗುತ್ತದೆ.

ಅಂಕ ಬರೆದಿಟ್ಟ ಮಾತ್ರಕ್ಕೆ ತೊಡಕು ತೀರುವುದೂ ಇಲ್ಲ. ೨೦೨೨ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡೆಗಳು ನಡೆದವು. ಆತಿಥ್ಯ ವಹಿಸಿದ್ದ ಜೈನ್ ವಿಶ್ವವಿದ್ಯಾಲಯವೇ ೨೦ ಚಿನ್ನ, ೭ ಬೆಳ್ಳಿ, ೫ ಕಂಚು ಪಡೆದು ಮೊದಲ ಸ್ಥಾನ ಗಳಿಸಿತು. ಪಂಜಾಬಿನ ಲವ್ಲಿ ಪ್ರೊಫೆಷನಲ್ ವಿಶ್ವವಿದ್ಯಾಲಯಕ್ಕೆ ೧೭ ಚಿನ್ನ, ೧೫ ಬೆಳ್ಳಿ, ೧೯ ಕಂಚು; ಅದು ಎರಡನೆಯದು. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯಕ್ಕೆ ೧೫ ಚಿನ್ನ, ೯ ಬೆಳ್ಳಿ, ೨೪ ಕಂಚು, ಅದು ಮೂರನೆಯದು. ಮೊದಲು ಚಿನ್ನವನ್ನು ಎಣಿಸಬೇಕೆಂಬುದು ನಿಯಮ, ಆ ನಿಯಮದಂತೆ ಫಲಿತಾಂಶದಲ್ಲಿ ಯಾವ ಸಂದೇಹವೂ ಇಲ್ಲ. ಆದರೆ ಒಟ್ಟು ಪದಕಗಳನ್ನು ಎಣಿಸುವ ನಿಯಮವಿದ್ದಿದ್ದರೆ ೩೨ ಪದಕಗಳ ಜೈನ್ ವಿಶ್ವವಿದ್ಯಾಲಯ ೫೧ ಪದಕಗಳ ಲವ್ಲಿಗಿಂತ, ೪೮ ಪದಕಗಳ ಪಂಜಾಬಿಗಿಂತ ಕೆಳಗೆ ಬರುತ್ತಿತ್ತು. ಚಿನ್ನಕ್ಕೆ ಐದು, ಬೆಳ್ಳಿಗೆ ಮೂರು, ಕಂಚಿಗೆ ಒಂದು ಅಂಕ ಕೊಟ್ಟು ನೋಡಿ: ಲವ್ಲಿಗೆ ೧೪೯, ಜೈನ್‌ಗೆ ೧೨೬, ಪಂಜಾಬಿಗೂ ಸರಿಯಾಗಿ ೧೨೬! ಓಡಿದವರು ಅವರೇ, ಈಜಿದವರು ಅವರೇ. ಸ್ಥಾನ ಮಾತ್ರ ಎಣಿಸುವವನ ಕೈಯಲ್ಲಿ. ನಿಯಮವನ್ನು ಕ್ರೀಡೆ ಆರಂಭವಾಗುವ ಮೊದಲೇ ಎಲ್ಲರಿಗೂ ತಿಳಿಸಿದ್ದರಿಂದ ಜಗಳವಾಗಲಿಲ್ಲ. ಈ ಕೊನೆಯ ವಾಕ್ಯವನ್ನು ದಯವಿಟ್ಟು ನೆನಪಿನಲ್ಲಿಡಿ.

ನಮ್ಮ ಕಾಲೇಜುಗಳ ಪಂದ್ಯಾಟಗಳಲ್ಲಿ ಯಂತ್ರಕ್ಕೆ ಕೆಲಸ ಬೀಳದಿರಲು ಕಾರಣ, ಸೋತವರು ಮನೆಗೆ ಹೋಗುವ ಪದ್ಧತಿ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ೨೦೧೦ರಲ್ಲಿ ಹುಟ್ಟಿತು. ಅದಕ್ಕೆ ಮುಂಚೆ ಈ ಭಾಗದ ಕಾಲೇಜುಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗಿದ್ದವು. ಕಾಲೇಜಿನಿಂದ ವಿಶ್ವವಿದ್ಯಾಲಯ, ಅಲ್ಲಿಂದ ವಲಯ, ವಲಯದಿಂದ ಅಖಿಲ ಭಾರತ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುವುದು. ಒಂದೇ ವಾರದಲ್ಲಿ ಹಲವು ಪಂದ್ಯ ಆಡಿಸಿ ಮುಗಿಸಬಹುದು.

ಅಮೆರಿಕೆಯ ಫುಟ್‌ಬಾಲಿನಲ್ಲಿ ಇದು ಸಾಧ್ಯವಿಲ್ಲ. ಅವರ ಫುಟ್‌ಬಾಲ್ ಎಂದರೆ ನಾವು ಕಾಲಿನಿಂದ ಆಡುವುದಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಅವಚಿಕೊಂಡು, ಎದುರಾಳಿಗಳ ಮೇಲೆ ಬಿದ್ದು ನುಗ್ಗುವ ಆಟ. ಒಮ್ಮೆ ಆಡಿದವನ ಮೈ ಸುಧಾರಿಸಲು ಒಂದು ವಾರ ಬೇಕು. ಆದ್ದರಿಂದ ಒಂದು ತಂಡ ವರ್ಷಕ್ಕೆ ಸಾಮಾನ್ಯವಾಗಿ ಹನ್ನೆರಡು ಹದಿಮೂರು ಪಂದ್ಯಗಳನ್ನಷ್ಟೇ ಆಡುತ್ತದೆ. ಮೇಲ್ದರ್ಜೆಯ ಕಾಲೇಜು ತಂಡಗಳೋ ನೂರಕ್ಕೂ ಹೆಚ್ಚು. ನೂರು ತಂಡಗಳೇ ಎಂದಿಟ್ಟುಕೊಂಡರೂ ಎಲ್ಲರೂ ಎಲ್ಲರೊಡನೆ ಆಡಲು ೪,೯೫೦ ಪಂದ್ಯಗಳು ಬೇಕು. ಆಡುವುದು ಆರು ನೂರರ ಆಸುಪಾಸು. ಮಿಕ್ಕ ನಾಲ್ಕು ಸಾವಿರಕ್ಕೂ ಮೇಲ್ಪಟ್ಟ ಪಂದ್ಯಗಳು ಆಡದೆಯೇ ಉಳಿಯುತ್ತವೆ. ಆ ಆಡದ ಪಂದ್ಯಗಳಲ್ಲಿ ಯಾರು ಗೆಲ್ಲುತ್ತಿದ್ದರು ಎಂಬುದನ್ನು ಹೇಗಾದರೂ ಅಂದಾಜು ಮಾಡದೆ ದೇಶಕ್ಕೆ ಮೊದಲಿಗರು ಯಾರೆಂದು ಹೇಳುವಂತಿಲ್ಲ.

ಬಹುಕಾಲ ಅವರು ಮಾಡಿದ್ದು ನಮ್ಮ ವಸ್ತಾದರ ದಾರಿಯನ್ನೇ. ೧೯೩೬ರಿಂದ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆ ಪತ್ರಿಕಾ ವರದಿಗಾರರ ಮತ ಪಡೆದು ವಾರವಾರ ಪಟ್ಟಿ ಹೊರಡಿಸಿತು. ೧೯೫೦ರಿಂದ ತರಬೇತುದಾರರ ಮತದ ಪಟ್ಟಿಯೂ ಸೇರಿತು. ವರದಿಗಾರ ತನ್ನ ಊರಿನ ಪಂದ್ಯ ನೋಡಿರುತ್ತಾನೆ. ಪಶ್ಚಿಮ ತೀರದ ಪಂದ್ಯ ಮುಗಿಯುವ ಹೊತ್ತಿಗೆ ಪೂರ್ವ ತೀರದವನು ಮಲಗಿರುತ್ತಾನೆ. ತರಬೇತುದಾರನ ಕೈಯಲ್ಲಿ ತನ್ನ ತಂಡಕ್ಕೂ ತನ್ನ ಎದುರಾಳಿಗೂ ಮತ ಹಾಕುವ ಅಧಿಕಾರ. ಆಕ್ಷೇಪಣೆ ಬರದೆ ಇದ್ದೀತೆ? ಯಂತ್ರಗಳು ಹುಟ್ಟುವ ಮೊದಲೇ, ೧೯೨೬ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಪ್ರಾಧ್ಯಾಪಕ ಫ್ರಾಂಕ್ ಡಿಕಿನ್‌ಸನ್ ಪೆನ್ಸಿಲ್ ಹಿಡಿದು ಲೆಕ್ಕದಿಂದಲೇ ತಂಡಗಳ ಸ್ಥಾನ ಗೊತ್ತುಮಾಡಲು ಹೊರಟದ್ದು ಇದೇ ಬೇಸರದಿಂದ ಇರಬೇಕು. ಗಟ್ಟಿ ತಂಡವನ್ನು ಗೆದ್ದವರಿಗೆ ಹೆಚ್ಚು ಅಂಕ, ಸಣಕಲು ತಂಡವನ್ನು ಗೆದ್ದವರಿಗೆ ಕಡಿಮೆ ಅಂಕ, ಇದು ಅವರ ಸೂತ್ರದ ತಿರುಳು. ಚದುರಂಗದಲ್ಲಿ ಇದೇ ವಿಚಾರವನ್ನು ಇನ್ನೂ ಅಚ್ಚುಕಟ್ಟಾಗಿ ಮಾಡಿದವರು ಹಂಗೆರಿಯಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾದ್ ಎಲೋ. ೧೯೭೦ರಲ್ಲಿ ಅದನ್ನು ವಿಶ್ವ ಚದುರಂಗ ಸಂಸ್ಥೆ ಒಪ್ಪಿಕೊಂಡಿತು. ಇಂದು ನಿಮ್ಮ ಮನೆಯ ಮಕ್ಕಳು ಚದುರಂಗದ ಟೂರ್ನಮೆಂಟಿಗೆ ಹೋಗಿ ಬಂದು 'ರೇಟಿಂಗ್ ಏರಿತು, ಇಳಿಯಿತು' ಎನ್ನುವಾಗ ಹೇಳುವುದು ಎಲೋ ಅವರ ಲೆಕ್ಕವನ್ನೇ.

ಈಗ ಆ ಲೆಕ್ಕ ಹೇಗೆ ನಡೆಯುತ್ತದೆಂದು ಒಂದು ಕಾಗದ ತೆಗೆದುಕೊಂಡು ನೋಡೋಣ. ನಾನು ಆರಿಸಿಕೊಳ್ಳುವುದು ವೆಸ್ಲಿ ಕಾಲಿ ಎಂಬ ಖಗೋಳ ವಿಜ್ಞಾನಿಯ ಸೂತ್ರ. ಅದಕ್ಕೆ ಕೂಡುವುದು, ಭಾಗಿಸುವುದು ಬಂದರೆ ಸಾಕು.

ಐದು ಊರುಗಳ ಐದು ಕಬಡ್ಡಿ ತಂಡಗಳು: ಅಥಣಿ, ಉಗಾರ, ನಿಪ್ಪಾಣಿ, ರಾಯಬಾಗ, ಚಿಕ್ಕೋಡಿ. ಊರಿನ ಹೆಸರುಗಳು ಗುರುತಿಗೆ ಮಾತ್ರ, ಫಲಿತಾಂಶಗಳು ನಾನೇ ಕಟ್ಟಿದವು. ಯಾವ ಊರಿನವರೂ ಸಿಟ್ಟಾಗಬಾರದು. ಮಳೆ ಬರುವ ಮೊದಲು ನಾಲ್ಕೇ ಪಂದ್ಯಗಳಾದವು. ಅಥಣಿ ಉಗಾರವನ್ನು ಸೋಲಿಸಿತು. ಉಗಾರ ನಿಪ್ಪಾಣಿಯನ್ನು, ನಿಪ್ಪಾಣಿ ರಾಯಬಾಗವನ್ನು, ರಾಯಬಾಗ ಚಿಕ್ಕೋಡಿಯನ್ನು ಸೋಲಿಸಿದವು. ಉಗಾರ, ನಿಪ್ಪಾಣಿ, ರಾಯಬಾಗ ಮೂರೂ ಒಂದು ಗೆದ್ದು ಒಂದು ಸೋತಿವೆ. ಉಗಾರಕ್ಕೂ ರಾಯಬಾಗಕ್ಕೂ ಪಂದ್ಯವೇ ಆಗಿಲ್ಲ. ಇವರಿಬ್ಬರಲ್ಲಿ ಮೇಲಿನವರು ಯಾರು? ನಮ್ಮ ಕೆಸರು ಮೆತ್ತಿದ ಹುಡುಗನ ಪ್ರಶ್ನೆ ಇದೇ.

ಪ್ರತಿ ತಂಡದ ಬೆಲೆಯನ್ನು ರೂಪಾಯಿಯಲ್ಲಿ ಇಷ್ಟು ಪೈಸೆ ಎಂದು ಹೇಳೋಣ. ಆಟಕ್ಕೆ ಮೊದಲು ಯಾರ ಬಗ್ಗೆಯೂ ನಮಗೆ ಏನೂ ಗೊತ್ತಿಲ್ಲ. ಎಲ್ಲರಿಗೂ ೫೦ ಪೈಸೆ. ಕಳೆದ ವರ್ಷದ ಕೀರ್ತಿ, ಕಾಲೇಜಿನ ದೊಡ್ಡ ಕಟ್ಟಡ ಇವಕ್ಕೆ ಇಲ್ಲಿ ಬೆಲೆಯಿಲ್ಲ. ಆಮೇಲೆ ಸೂತ್ರ ಹೀಗೆ: ಒಂದು ರೂಪಾಯಿ ಇಟ್ಟುಕೊಳ್ಳಿ. ಗೆದ್ದ ಪಂದ್ಯಗಳಿಂದ ಸೋತವನ್ನು ಕಳೆದು, ಉಳಿದ ಪ್ರತಿ ಪಂದ್ಯಕ್ಕೆ ೫೦ ಪೈಸೆ ಸೇರಿಸಿ. ಸೋಲು ಹೆಚ್ಚಾಗಿದ್ದರೆ ಅಷ್ಟನ್ನು ತೆಗೆಯಿರಿ. ಯಾರ ಯಾರೊಡನೆ ಆಡಿದರೋ ಅವರೆಲ್ಲರ ಬೆಲೆಯನ್ನೂ ಸೇರಿಸಿ. ಬಂದ ಮೊತ್ತವನ್ನು, ಆಡಿದ ಪಂದ್ಯಗಳಿಗೆ ಎರಡು ಕೂಡಿಸಿದ ಸಂಖ್ಯೆಯಿಂದ ಭಾಗಿಸಿ. ಅದೇ ಆ ತಂಡದ ಹೊಸ ಬೆಲೆ.

ಅಥಣಿಗೆ ಹಾಕೋಣ. ಒಂದು ರೂಪಾಯಿ, ಒಂದು ಗೆಲುವಿಗೆ ೫೦ ಪೈಸೆ, ಎದುರಾಳಿ ಉಗಾರದ ಬೆಲೆ ೫೦ ಪೈಸೆ, ಒಟ್ಟು ಎರಡು ರೂಪಾಯಿ. ಆಡಿದ್ದು ಒಂದು ಪಂದ್ಯ, ಎರಡು ಸೇರಿಸಿದರೆ ಮೂರು. ಭಾಗಿಸಿದರೆ ಸುಮಾರು ೬೭ ಪೈಸೆ. ಉಗಾರಕ್ಕೆ ಒಂದು ಗೆಲುವು ಒಂದು ಸೋಲು, ಅದು ಅಲ್ಲಿಗಲ್ಲಿಗೆ ಸರಿಹೋಯಿತು. ಮೊದಲ ಸುತ್ತಿನಲ್ಲಿ ಅದು ೫೦ರಲ್ಲೇ ನಿಲ್ಲುತ್ತದೆ. ಆದರೆ ಅಥಣಿಯ ಬೆಲೆ ಏರಿತಲ್ಲ? ಆ ಏರಿದ ಬೆಲೆಯನ್ನಿಟ್ಟುಕೊಂಡು ಉಗಾರದ ಲೆಕ್ಕವನ್ನು ಮತ್ತೊಮ್ಮೆ ಮಾಡಬೇಕು: ೧೦೦, ೬೭ ಮತ್ತು ನಿಪ್ಪಾಣಿಯ ೫೦ ಕೂಡಿ ೨೧೭, ಇದನ್ನು ನಾಲ್ಕರಿಂದ ಭಾಗಿಸಿದರೆ ೫೪ ಪೈಸೆಗೆ ಸ್ವಲ್ಪ ಮೇಲೆ. ಈಗ ಉಗಾರ ಏರಿದ್ದರಿಂದ ಅದನ್ನು ಗೆದ್ದ ಅಥಣಿ ಇನ್ನಷ್ಟು ಏರುತ್ತದೆ. ಹೀಗೆ ಸುತ್ತು ಸುತ್ತು ಹೋದಂತೆ ಬದಲಾವಣೆ ಸಣ್ಣದಾಗುತ್ತ ಬಂದು, ಕೊನೆಗೆ ಸಂಖ್ಯೆಗಳು ಅಲುಗಾಡದೆ ನಿಲ್ಲುತ್ತವೆ: ಅಥಣಿ ೬೮.೨, ಉಗಾರ ೫೪.೫, ನಿಪ್ಪಾಣಿ ೫೦, ರಾಯಬಾಗ ೪೫.೫, ಚಿಕ್ಕೋಡಿ ೩೧.೮.

ಯಂತ್ರ ಮಾಡುವುದು ಇಷ್ಟೇ. ಐದು ತಂಡಗಳಿಗೆ ನಾವು ಚಹಾ ಆರುವುದರೊಳಗೆ ಮಾಡಿದ್ದನ್ನು ಅದು ನೂರಾರು ತಂಡಗಳಿಗೆ ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತದೆ. ಉಗಾರವೂ ರಾಯಬಾಗವೂ ಎದುರಾಗದೆಯೇ, ನಡುವೆ ನಿಂತ ತಂಡಗಳ ಮೂಲಕ ಅವೆರಡರ ನಡುವೆ ಒಂಬತ್ತು ಪೈಸೆಯ ಅಂತರವನ್ನು ಅದು ಕಂಡುಹಿಡಿಯುತ್ತದೆ. ಉಗಾರ ಸೋತದ್ದು ೬೮ ಪೈಸೆಯ ತಂಡಕ್ಕೆ; ರಾಯಬಾಗ ಗೆದ್ದದ್ದು ೩೨ ಪೈಸೆಯ ತಂಡವನ್ನು.

ಇಲ್ಲಿ ಎಷ್ಟು ಅಂಕಗಳಿಂದ ಗೆದ್ದರು ಎಂಬುದನ್ನು ನಾವು ಕೇಳಲೇ ಇಲ್ಲ. ಕೇಳಬೇಕಿತ್ತಲ್ಲವೆ? ಒಂದು ಅಂಕದಿಂದ ಬಚಾವಾದವನಿಗೂ ಮೂವತ್ತು ಅಂಕಗಳಿಂದ ಗೆದ್ದವನಿಗೂ ವ್ಯತ್ಯಾಸವಿಲ್ಲವೆ? ವ್ಯತ್ಯಾಸವಿದೆ, ಮುಂದಿನ ಪಂದ್ಯದಲ್ಲಿ ಯಾರು ಗೆದ್ದಾರು ಎಂದು ಊಹಿಸಬೇಕಾದರೆ ಅಂತರವನ್ನು ಗಣಿಸುವ ಸೂತ್ರವೇ ಮೇಲು ಎಂದು ಈ ಶಾಸ್ತ್ರದಲ್ಲಿ ಪಳಗಿದವರು ಹೇಳುತ್ತಾರೆ. ಆದರೆ ಅದರ ಬೆನ್ನ ಹಿಂದೆ ಒಂದು ಪಿಡುಗು ಬರುತ್ತದೆ. ಕ್ರಿಕೆಟ್ಟಿನಲ್ಲಿ ನಿವ್ವಳ ರನ್ ದರಕ್ಕಾಗಿ, ಗೆದ್ದದ್ದು ಖಾತರಿಯಾದ ಮೇಲೂ ಬ್ಯಾಟು ಬೀಸುವುದನ್ನು ನೀವು ಕಂಡಿದ್ದೀರಿ. ಅಮೆರಿಕೆಯಲ್ಲೂ ಹಾಗೆಯೇ ದೊಡ್ಡ ತಂಡಗಳು ಎದುರಿನ ಬಡ ತಂಡವನ್ನು ಸೋಲಿಸಿದ ಮೇಲೂ ಬಿಡದೆ ಜಜ್ಜುತ್ತವೆ ಎಂಬ ದೂರು ಎದ್ದಿತು. ಆದ್ದರಿಂದ ೨೦೦೨ರಲ್ಲಿ, ಗೆಲುವಿನ ಅಂತರವನ್ನು ಗಣಿಸುವ ಸೂತ್ರಗಳು ಬೇಡವೆಂದು ಅಲ್ಲಿಯ ವ್ಯವಸ್ಥಾಪಕರು ತೀರ್ಮಾನಿಸಿದರು. ಜೆಫ್ ಸ್ಯಾಗರಿನ್ ಎಂಬ ಲೆಕ್ಕಿಗರು ಎರಡು ಪಟ್ಟಿಗಳನ್ನು ಇಟ್ಟುಕೊಳ್ಳಬೇಕಾಯಿತು: ವ್ಯವಸ್ಥಾಪಕರು ಒಪ್ಪುವ ಪಟ್ಟಿ ಒಂದು, ತಾವು ನಂಬುವ ಪಟ್ಟಿ ಇನ್ನೊಂದು. ಸತ್ಯ ಮತ್ತು ಸಭ್ಯತೆಗಳು ಬೇರೆಯಾದಾಗ ಇಂಥ ಪೇಚು ಬರುತ್ತದೆ.

ವ್ಯವಸ್ಥಾಪಕರು ಎಂದೆನಲ್ಲ, ಅವರ ಏರ್ಪಾಡಿನ ಹೆಸರು ಬೌಲ್ ಚಾಂಪಿಯನ್‌ಷಿಪ್ ಸೀರೀಸ್. ೧೯೯೮ರಿಂದ ೨೦೧೩ರ ಹಂಗಾಮಿನವರೆಗೆ ಅದು ನಡೆಯಿತು. ವರದಿಗಾರರ, ತರಬೇತುದಾರರ ಮತಗಳ ಜೊತೆಗೆ ಗಣಕಯಂತ್ರಗಳ ಪಟ್ಟಿಗಳನ್ನೂ ಬೆರೆಸಿ, ಮೊದಲ ಎರಡು ಸ್ಥಾನ ಬಂದವರನ್ನು ಕೊನೆಯ ಪಂದ್ಯಕ್ಕೆ ಕರೆಯುವುದು ಅದರ ಕ್ರಮ. ಒಂದೊಂದು ದೊಡ್ಡ ಪಂದ್ಯದ ಹಿಂದೆ ಕೋಟಿಗೂ ಮೀರಿದ ಡಾಲರುಗಳು. ಆ ಕೊನೆಯ ಪಂದ್ಯಗಳಿಗೆ ಅವರು 'ಬೌಲ್' ಎನ್ನುತ್ತಾರೆ. ಅವುಗಳಲ್ಲೊಂದರ ಹೆಸರು ಶುಗರ್ ಬೌಲ್, ಸಕ್ಕರೆಯ ಬಟ್ಟಲು! ಕಬ್ಬು ಬೆಳೆಯುವ ಲೂಯಿಸಿಯಾನಾ ಸಂಸ್ಥಾನದ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ, ಹಿಂದೊಮ್ಮೆ ಕಬ್ಬಿನ ತೋಟವಿದ್ದ ನೆಲದ ಮೇಲೆ ಕಟ್ಟಿದ ಮೈದಾನದಲ್ಲಿ, ೧೯೩೫ರಲ್ಲಿ ಅದರ ಮೊದಲ ಪಂದ್ಯ ನಡೆಯಿತು. ಉಗಾರದ ಹುಡುಗರು ಈ ಹೆಸರು ಕೇಳಿ ನಕ್ಕಾರು.

ಅದೇ ಸಕ್ಕರೆಯ ಬಟ್ಟಲಿನಲ್ಲಿ ಒಂದು ವರ್ಷ ಕಹಿ ಬಿತ್ತು. ೨೦೦೩ರ ಹಂಗಾಮಿನ ಕೊನೆಗೆ ವರದಿಗಾರರೂ ತರಬೇತುದಾರರೂ ಒಕ್ಕೊರಲಿನಿಂದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಮೊದಲ ಸ್ಥಾನದಲ್ಲಿಟ್ಟರು. ಆದರೆ ಯಂತ್ರಗಳ ಲೆಕ್ಕ ಸೇರಿದಾಗ ಆ ತಂಡ ಮೂರನೆಯ ಸ್ಥಾನಕ್ಕೆ ಇಳಿದು, ಓಕ್ಲಹೋಮಾ ಮತ್ತು ಲೂಯಿಸಿಯಾನಾ ಸ್ಟೇಟ್ ತಂಡಗಳು ಮೇಲೆ ಬಂದವು. ಓಕ್ಲಹೋಮಾ ತನ್ನ ಕೊನೆಯ ಪಂದ್ಯದಲ್ಲಿ ಕ್ಯಾನ್ಸಸ್ ಸ್ಟೇಟ್ ತಂಡಕ್ಕೆ ೩೫-೭ರಿಂದ ಸೋತು ಇನ್ನೂ ವಾರವಾಗಿರಲಿಲ್ಲ! ಮನುಷ್ಯರಿಗೆ ನಿನ್ನೆಯ ಸೋಲು ಕಣ್ಣಿಗೆ ಕಟ್ಟಿರುತ್ತದೆ. ಯಂತ್ರಕ್ಕೆ ಸೆಪ್ಟೆಂಬರಿನ ಸೋಲೂ ಡಿಸೆಂಬರಿನ ಸೋಲೂ ಒಂದೇ. ಮೂರು ತಂಡಗಳೂ ತಲಾ ಒಂದೊಂದು ಸೋತಿದ್ದವು, ಇಡೀ ವರ್ಷ ಎದುರಿಸಿದ ತಂಡಗಳ ಗಟ್ಟಿತನವೇ ನಿರ್ಣಾಯಕವಾಯಿತು. ಶುಗರ್ ಬೌಲ್‌ನಲ್ಲಿ ಲೂಯಿಸಿಯಾನಾ ಸ್ಟೇಟ್ ೨೧-೧೪ರಿಂದ ಗೆದ್ದಿತು. ಸದರ್ನ್ ಕ್ಯಾಲಿಫೋರ್ನಿಯಾ ಇನ್ನೊಂದು ಕಡೆ ಮಿಷಿಗನ್ ತಂಡವನ್ನು ಸೋಲಿಸಿತು. ವರದಿಗಾರರು ತಮ್ಮ ಕಿರೀಟವನ್ನು ಅದಕ್ಕೇ ತೊಡಿಸಿದರು. ಒಂದು ದೇಶಕ್ಕೆ ಇಬ್ಬರು ಮೊದಲಿಗರು. ಮರುವರ್ಷವೇ ನಿಯಮ ತಿದ್ದಿ ಯಂತ್ರಗಳ ಪಾಲನ್ನು ಮೂರರಲ್ಲಿ ಒಂದಕ್ಕೆ ಇಳಿಸಿದರು. ಯಂತ್ರ ಮನುಷ್ಯರೊಡನೆ ಒಪ್ಪಿದರೆ ಸರಿ, ಒಪ್ಪದಿದ್ದರೆ ತಪ್ಪು ಎಂದಾದರೆ ಅದನ್ನು ಕರೆದದ್ದಾದರೂ ಏಕೆ ಎಂದು ಆಗ ಕೆಲವರು ಕೇಳಿದರು. ನನಗೂ ಹಾಗೆಯೇ ಅನಿಸುತ್ತದೆ.

ಆದರೆ ಯಂತ್ರದ ಪಕ್ಷ ವಹಿಸುವ ಮೊದಲು ಇನ್ನೊಂದು ಸಂಗತಿ ಹೇಳಬೇಕು. ಅಲ್ಲಿ ಲೆಕ್ಕ ಮಾಡುತ್ತಿದ್ದವು ಆರು ಸೂತ್ರಗಳು. ಪ್ರತಿ ತಂಡಕ್ಕೂ ಆರರಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ನಾಲ್ಕರ ಸರಾಸರಿ ತೆಗೆಯುತ್ತಿದ್ದರು. ಆ ಆರರಲ್ಲಿ ಪೂರ್ತಿಯಾಗಿ ಬಯಲಿಗಿಟ್ಟದ್ದು ಒಂದೇ, ನಾವು ಮೇಲೆ ಮಾಡಿದ ಕಾಲಿ ಅವರ ಸೂತ್ರ. ಮಿಕ್ಕವುಗಳ ಒಳಗನ್ನು ಹೊರಗಿನವರು ತಾವೇ ಲೆಕ್ಕ ಹಾಕಿ ತಾಳೆ ನೋಡುವಂತಿರಲಿಲ್ಲ.

ಕಬ್ಬಿನ ಸೀಮೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಟ್ರ್ಯಾಕ್ಟರು ಕಾಟಾದ ಮೇಲೆ ನಿಂತಾಗ ರೈತ ಇಳಿದು ಬಂದು ಅಂಕೆಯನ್ನು ತಾನೇ ಕಣ್ಣಿಂದ ನೋಡಬೇಕೆನ್ನುತ್ತಾನೆ. ಅನುಮಾನ ಬಂದರೆ ಬೇರೆ ಕಾಟಾದ ಮೇಲೆ ತೂಗಿಸಿ ತಾಳೆ ನೋಡುತ್ತಾನೆ. ಆದರೆ ಕಬ್ಬಿನ ಬೆಲೆಗೆ ತೂಕ ಒಂದೇ ಆಧಾರವಲ್ಲ, ಸಕ್ಕರೆಯ ಇಳುವರಿಯೂ ಬೇಕು. ೨೦೦೯ರಿಂದ ಜಾರಿಗೆ ಬಂದ 'ನ್ಯಾಯಯುತ ಮತ್ತು ಲಾಭದಾಯಕ ಬೆಲೆ'ಯ ಲೆಕ್ಕ ಇಳುವರಿಗೆ ಗಂಟು ಬಿದ್ದಿದೆ. ಆ ಅಂಕೆ ಹುಟ್ಟುವುದು ಪ್ರಯೋಗಶಾಲೆಯಲ್ಲಿ. ಅಲ್ಲಿ ಲೆಕ್ಕ ಸರಿಯಾಗಿಯೇ ನಡೆದಿರಬಹುದು. ಆದರೆ ತಾನು ಇಣುಕಿ ನೋಡಲಾಗದ ಅಂಕೆಯನ್ನು ಕಾಟಾದ ಅಂಕೆಯಂತೆ ನಂಬು ಎಂದರೆ ರೈತ ಸುಲಭವಾಗಿ ನಂಬುವುದಿಲ್ಲ.

೨೦೧೦ರ ಡಿಸೆಂಬರಿನಲ್ಲಿ ಇದಕ್ಕೆ ಒಳ್ಳೆಯ ದೃಷ್ಟಾಂತ ಒದಗಿತು. ಆ ವರ್ಷದ ಕೊನೆಯ ಪಟ್ಟಿ ಪ್ರಕಟವಾಯಿತು. ಬಾಯ್ಸಿ ಸ್ಟೇಟ್ ತಂಡಕ್ಕೆ ಹತ್ತನೆಯ ಸ್ಥಾನ, ಲೂಯಿಸಿಯಾನಾ ಸ್ಟೇಟ್ ತಂಡಕ್ಕೆ ಹನ್ನೊಂದನೆಯ ಸ್ಥಾನ. ಜೆರ್ರಿ ಪಾಮ್ ಎಂಬ ವಿಶ್ಲೇಷಕರು ಕಾಲಿ ಅವರ ಬಹಿರಂಗ ಸೂತ್ರವನ್ನು ಹಿಡಿದು ತಾವೇ ಲೆಕ್ಕ ಮಾಡಿ ನೋಡಿದರು. ಸಂಖ್ಯೆ ಕೂಡಲಿಲ್ಲ. ಹುಡುಕಿದಾಗ, ಕೆಳದರ್ಜೆಯ ಒಂದು ಪಂದ್ಯ, ಅಪಲಾಚಿಯನ್ ಸ್ಟೇಟ್ ಮತ್ತು ವೆಸ್ಟರ್ನ್ ಇಲಿನಾಯ್ ತಂಡಗಳು ಆಡಿದ್ದು, ಯಂತ್ರಕ್ಕೆ ಉಣಿಸಿದ ದಾಖಲೆಯಿಂದಲೇ ಬಿಟ್ಟುಹೋಗಿತ್ತು. ಸೇರಿಸಿ ಮತ್ತೆ ಲೆಕ್ಕ ಮಾಡಿದಾಗ ಲೂಯಿಸಿಯಾನಾ ಹತ್ತಕ್ಕೆ ಏರಿ ಬಾಯ್ಸಿ ಹನ್ನೊಂದಕ್ಕೆ ಇಳಿಯಿತು. ಕಾಲಿ ತಪ್ಪನ್ನು ಒಪ್ಪಿಕೊಂಡು ತಿದ್ದಿದರು.

ಬಾಯ್ಸಿಯೂ ಆಡದ, ಲೂಯಿಸಿಯಾನಾವೂ ಆಡದ ಪಂದ್ಯವೊಂದು ಇವರಿಬ್ಬರ ಸ್ಥಾನವನ್ನು ಅದಲುಬದಲು ಮಾಡುವುದು ಹೇಗೆ? ನಮ್ಮ ಕಾಗದಕ್ಕೇ ಹಿಂದಿರುಗಿ. ರಾಯಬಾಗ ಚಿಕ್ಕೋಡಿಯನ್ನು ಸೋಲಿಸಿದ ಪಂದ್ಯವನ್ನು ಗುಮಾಸ್ತ ಬರೆಯಲು ಮರೆತನೆಂದು ಭಾವಿಸಿ. ರಾಯಬಾಗದ ಬೆಲೆ ೩೨ ಪೈಸೆಗೆ ಕುಸಿಯುತ್ತದೆ, ಅದು ಸಹಜ. ಆದರೆ ರಾಯಬಾಗವನ್ನು ಗೆದ್ದ ನಿಪ್ಪಾಣಿ ೫೦ರಿಂದ ೪೬.೪ಕ್ಕೆ ಇಳಿಯುತ್ತದೆ, ನಿಪ್ಪಾಣಿ ಗೆದ್ದದ್ದು ಈಗ ಸಣಕಲು ತಂಡವೆನಿಸಿತಲ್ಲ! ನಿಪ್ಪಾಣಿಯನ್ನು ಗೆದ್ದ ಉಗಾರ ೫೪.೫ರಿಂದ ೫೩.೬ಕ್ಕೆ, ಉಗಾರವನ್ನು ಗೆದ್ದ ಅಥಣಿ ೬೮.೨ರಿಂದ ೬೭.೯ಕ್ಕೆ. ಬಾವಿಯ ಒಂದು ಮೂಲೆಗೆ ಬಿದ್ದ ಕಲ್ಲಿನ ಅಲೆ ಇನ್ನೊಂದು ಮೂಲೆಯನ್ನು ಮುಟ್ಟಿದ ಹಾಗೆ. ಎರಡು ತಂಡಗಳ ನಡುವಿನ ಅಂತರ ಕೂದಲೆಳೆಯಷ್ಟಿದ್ದರೆ ಆ ಸಣ್ಣ ಅಲೆಯೇ ಸಾಕು.

ಸೂತ್ರವನ್ನು ಮುಚ್ಚಿಡದೆ ಬಯಲಿಗಿಟ್ಟವರೇ ಸಿಕ್ಕಿಬಿದ್ದದ್ದನ್ನು ಕಂಡು ಆಗ ಕೆಲವರು ಕಾಲಿ ಅವರನ್ನು ಗೇಲಿ ಮಾಡಿದರು. ಮಾಡಬೇಕಾದ ಪ್ರಶ್ನೆ ಬೇರೆಯದಿತ್ತು. ಮಿಕ್ಕ ಐದು ಲೆಕ್ಕಗಳಲ್ಲಿ ಯಾವ ವರ್ಷ ಯಾವ ಪಂದ್ಯ ಬಿಟ್ಟುಹೋಗಿತ್ತು, ಯಾವ ತಂಡದ ಸ್ಥಾನ ಯಾರ ಪಾಲಾಯಿತು ಎಂಬುದನ್ನು ತಾಳೆ ನೋಡಲು ಯಾರಿಗೆ ದಾರಿ ಇತ್ತು?

೨೦೧೪ರಲ್ಲಿ ಆ ಏರ್ಪಾಡನ್ನೇ ತೆಗೆದುಹಾಕಿ, ಹದಿಮೂರು ಜನರ ಸಮಿತಿಯೊಂದು ಕೂತು ನಾಲ್ಕು ತಂಡಗಳನ್ನು ಆರಿಸುವ ಪದ್ಧತಿ ತಂದರು. ಮತ್ತೆ ವಸ್ತಾದರ ದರ್ಬಾರು! ೨೦೨೩ರಲ್ಲಿ ಫ್ಲಾರಿಡಾ ಸ್ಟೇಟ್ ತಂಡ ಹದಿಮೂರು ಪಂದ್ಯಗಳನ್ನಾಡಿ ಹದಿಮೂರನ್ನೂ ಗೆದ್ದಿತ್ತು. ಆದರೂ ಸಮಿತಿ ಅದನ್ನು ಬಿಟ್ಟು, ಒಂದು ಪಂದ್ಯ ಸೋತಿದ್ದ ಅಲಬಾಮಾವನ್ನು ಆರಿಸಿತು. ಫ್ಲಾರಿಡಾದ ಮುಖ್ಯ ಆಟಗಾರನ ಕಾಲಿಗೆ ಪೆಟ್ಟಾಗಿದೆ, ಈಗ ಅದು ಮೊದಲಿನ ತಂಡವಲ್ಲ ಎಂಬುದು ಸಮಿತಿಯ ಸಮಜಾಯಿಷಿ. ಕಾಲು ಮುರಿದದ್ದು ಯಂತ್ರಕ್ಕೆ ಕಾಣುವುದಿಲ್ಲ, ಮನುಷ್ಯರಿಗೆ ಕಾಣುತ್ತದೆ, ನಿಜ. ಆದರೆ ಹದಿಮೂರು ಪಂದ್ಯ ಗೆದ್ದ ಹುಡುಗರಿಗೆ ಅವರು ಯಾವ ಲೆಕ್ಕವನ್ನು ತೋರಿಸಬಲ್ಲರು? ೨೦೨೪ರಿಂದ ನಾಲ್ಕರ ಬದಲು ಹನ್ನೆರಡು ತಂಡಗಳಿಗೆ ಅವಕಾಶವಾಗಿದೆ. ಈಗ ಜಗಳ ಹನ್ನೆರಡನೆಯ ಮತ್ತು ಹದಿಮೂರನೆಯ ತಂಡಗಳ ನಡುವೆ.

ಇಷ್ಟನ್ನೂ ಆ ಕಬಡ್ಡಿ ಹುಡುಗ ತಾಳ್ಮೆಯಿಂದ ಕೇಳಿದ. ನಾನು ಗೀಚಿದ್ದ ಕಾಗದವನ್ನು ಎಳೆದುಕೊಂಡು, ಅದರ ಕೆಳಗೆ ತಾನೇ ಇನ್ನೊಂದು ಪಂದ್ಯ ಬರೆದ: ಚಿಕ್ಕೋಡಿಯವರು ಅಥಣಿಯನ್ನು ಸೋಲಿಸಿದರು ಎಂದು. "ಇದನ್ನೂ ಕೂಡಿಸಿ ಹೇಳ್ರಿ, ಸರ" ಎಂದ. ಈಗ ಐದೂ ತಂಡಗಳು ಒಂದು ಗೆದ್ದು ಒಂದು ಸೋತಂತಾಯಿತು. ಇಬ್ಬರೂ ಕೂಡಿ ಲೆಕ್ಕ ಹಾಕಿದೆವು. ಅಥಣಿ ೫೦, ಉಗಾರ ೫೦, ನಿಪ್ಪಾಣಿ ೫೦, ರಾಯಬಾಗ ೫೦, ಚಿಕ್ಕೋಡಿ ೫೦. ಇನ್ನೊಮ್ಮೆ ಹಾಕಿದೆವು, ಅಷ್ಟೇ ಬಂತು.

"ಹಂಗಾದ್ರ ಚೀಟಿನ ಎತ್ತಬೇಕ್ರಿ, ಸರ" ಎಂದು ನಕ್ಕು, ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದ.